ಹೊಸ ಉದ್ಯಮಕ್ಕೆ ಆಫೀಸ್: ಯಾವ ಖರ್ಚು ಬೇಕಾದಾಗ ನಿಲ್ಲಿಸಬಹುದು, ಯಾವುದು ಆಗಲ್ಲ?

ಪ್ರಶ್ನೆ: ನಾವು ಮೂವರು ಸ್ನೇಹಿತರು ಕೆಲಸ ಬಿಟ್ಟು ಡಿಸೈನ್ ಸಂಸ್ಥೆ ಶುರು ಮಾಡುತ್ತಿದ್ದೇವೆ. ಸಣ್ಣ ಉದ್ಯಮಗಳಿಗೆ ಲೋಗೊ, ವೆಬ್‌ಸೈಟ್, ಪ್ಯಾಕಿಂಗ್ ಡಿಸೈನ್ ಮಾಡಿಕೊಡುವ ಕೆಲಸ. ಒಂದು ವರ್ಷ ನಡೆಸುವಷ್ಟು ದುಡ್ಡು ಕೈಯಲ್ಲಿದೆ. ಕಟ್ಟಡದ ಮಾಲೀಕರೊಬ್ಬರು ಮೂರು ವರ್ಷದ ಕರಾರಿಗೆ ಒಪ್ಪಿದರೆ ಕಡಿಮೆ ಬಾಡಿಗೆಗೆ ಒಳ್ಳೆಯ ಜಾಗ ಕೊಡುತ್ತೇನೆ ಅಂದಿದ್ದಾರೆ. ಸ್ವಂತ ಆಫೀಸ್ ಇಲ್ಲದಿದ್ದರೆ ಗ್ರಾಹಕರು ನಂಬಲ್ಲ ಅನ್ನೋದು ನಮ್ಮಲ್ಲಿ ಒಬ್ಬರ ವಾದ. ಜಾಗ ತೆಗೆದುಕೊಳ್ಳಬೇಕಾ? ಆಫೀಸಿನ ಖರ್ಚು ಕಡಿಮೆ ಇಟ್ಟುಕೊಳ್ಳೋದು ಹೇಗೆ?

ಉತ್ತರ: ಆ ಕರಾರಿಗೆ ಈಗ ಸಹಿ ಹಾಕಬೇಡಿ.

ಜಾಗ ಚೆನ್ನಾಗಿರಬಹುದು. ಬಾಡಿಗೆ ನಿಜಕ್ಕೂ ಕಡಿಮೆ ಇರಬಹುದು. ನನ್ನ ತಕರಾರು ಬಾಡಿಗೆಯ ಬಗ್ಗೆ ಅಲ್ಲ, ಆ ಮೂರು ವರ್ಷದ ಬಗ್ಗೆ. ನಿಮ್ಮ ಹತ್ತಿರ ಇರೋದು ಒಂದು ವರ್ಷದ ದುಡ್ಡು. ಹೊರಲು ಹೊರಟಿರೋದು ಮೂರು ವರ್ಷದ ಹೊಣೆ. ಮಧ್ಯದ ಎರಡು ವರ್ಷವನ್ನು ಯಾರು ತುಂಬಬೇಕು? ಇನ್ನೂ ಬಂದಿಲ್ಲದ ಗ್ರಾಹಕರು.

ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡೋದು ನನ್ನ ಕೆಲಸ. ಹೊಸದಾಗಿ ಶುರು ಮಾಡುವವರು ಖರ್ಚನ್ನು ಅದರ ಗಾತ್ರದಿಂದ ಅಳೆಯುತ್ತಾರೆ. ಇದು ದುಬಾರಿ, ಅದು ಅಗ್ಗ ಅಂತ. ಆದರೆ ಕಷ್ಟಕ್ಕೆ ಸಿಕ್ಕ ಸಂಸ್ಥೆಗಳ ಲೆಕ್ಕದಲ್ಲಿ ಕಾಣೋದೇ ಬೇರೆ. ಅವರನ್ನು ಹಿಂಡಿದ್ದು ದುಬಾರಿ ಖರ್ಚಿಗಿಂತ ಹೆಚ್ಚಾಗಿ, ನಿಲ್ಲಿಸೋಕೆ ಬಾರದ ಖರ್ಚು. ಹಾಗಾಗಿ ಪ್ರತಿ ಖರ್ಚಿನ ಮುಂದೆ ತಿಂಗಳಿಗೆ ಎಷ್ಟು ಅಂತ ಬರೆದ ಮೇಲೆ ಇನ್ನೊಂದು ಕಾಲಮ್ ಹಾಕಿ: ನಾಳೆ ಬೇಡ ಅಂದರೆ ಇದು ನಿಲ್ಲೋಕೆ ಎಷ್ಟು ತಿಂಗಳು ಬೇಕು? ಆಫೀಸ್ ಖರ್ಚಿನ ಲೆಕ್ಕದಲ್ಲಿ ನನಗೆ ಈ ಎರಡನೇ ಕಾಲಮ್ಮೇ ಮುಖ್ಯ.

ನಿಮ್ಮದೇ ಉದಾಹರಣೆ ಇಟ್ಟುಕೊಂಡು ನೋಡೋಣ. ಹಣದ ಹೆಸರು ಬೇಡ, ತಿಂಗಳ ಬಾಡಿಗೆ 100 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಶೇ. 5ರಷ್ಟು ಏರಿಕೆ ಅಂತ ಕರಾರಿನಲ್ಲಿದೆ ಅಂದುಕೊಳ್ಳೋಣ. ಮೊದಲ ವರ್ಷ 1,200, ಎರಡನೇ ವರ್ಷ 1,260, ಮೂರನೇ ವರ್ಷ 1,323. ಒಟ್ಟು 3,783. ಕರೆಂಟು, ಇಂಟರ್ನೆಟ್, ಕ್ಲೀನಿಂಗ್, ಮೇಂಟೆನೆನ್ಸ್ ಅಂತ ತಿಂಗಳಿಗೆ ಇನ್ನೊಂದು 30 ಸೇರಿಸಿ. ಈಗ ಎದುರಿಗೆ ಕೋವರ್ಕಿಂಗ್ ಜಾಗ ಇಡಿ, ಅಂದರೆ ಬೇರೆ ಬೇರೆ ಸಂಸ್ಥೆಯವರು ಸೀಟಿನ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕೂರುವ ಹಂಚಿಕೆಯ ಆಫೀಸ್. ಅಲ್ಲಿ ಮೂರು ಸೀಟಿಗೆ ಎಲ್ಲಾ ಸೇರಿ ತಿಂಗಳಿಗೆ 150, ಒಂದು ತಿಂಗಳ ನೋಟಿಸ್ ಕೊಟ್ಟರೆ ಬಿಡಬಹುದು. ತಿಂಗಳ ಲೆಕ್ಕದಲ್ಲಿ ನೋಡಿದರೆ ಸ್ವಂತ ಆಫೀಸೇ ಅಗ್ಗ, 130.

ಎಂಟನೇ ತಿಂಗಳಿಗೆ ಕೆಲಸ ಸಾಕಷ್ಟು ಬರಲಿಲ್ಲ, ಜಾಗ ಬಿಡಬೇಕು ಅಂತಾಯಿತು ಅನ್ನಿ. ಕೋವರ್ಕಿಂಗ್‌ನಲ್ಲಿ ಎಂಟು ತಿಂಗಳಿಗೆ 1,200, ನೋಟಿಸ್ ತಿಂಗಳಿಗೆ 150, ಒಟ್ಟು 1,350. ಅಲ್ಲಿಗೆ ಮುಗಿಯಿತು. ಮೂರು ವರ್ಷವೂ ಬಿಡುವಂತಿಲ್ಲ ಅನ್ನೋ ಲಾಕ್-ಇನ್ ಇದ್ದ ಕರಾರಿನಲ್ಲಿ, ಕಾಗದದ ಪ್ರಕಾರ ಬಾಡಿಗೆಯೇ 3,783, ಜತೆಗೆ ಬಳಸಿದ ಎಂಟು ತಿಂಗಳ 240. ಮಾಲೀಕರು ರಾಜಿಗೆ ಬರಬಹುದು, ಬೇರೆ ಬಾಡಿಗೆದಾರರು ಸಿಗಬಹುದು. ಆದರೆ ಆ ಮಾತುಕತೆಗೆ ನೀವು ಹೋಗೋದು ಕೈ ಖಾಲಿಯಾದಾಗ, ಮತ್ತು ನಿಮ್ಮ ಅಡ್ವಾನ್ಸ್ ಅವರ ಹತ್ತಿರ ಇರುವಾಗ.

ತಿಂಗಳಿಗೆ 20 ಜಾಸ್ತಿ ಕೊಟ್ಟು ನೀವು ಕೊಳ್ಳುತ್ತಿರೋದು ಹೊರಗೆ ಬರುವ ಬಾಗಿಲು. ಮೊದಲ ವರ್ಷ ಅದಕ್ಕೆ ಬೆಲೆ ಇದೆ.

ಇದು ನನ್ನೊಬ್ಬನ ಭಯವಲ್ಲ. ಕಂಪನಿಗಳ ಲೆಕ್ಕಪತ್ರಕ್ಕೆ ಹಲವು ದೇಶಗಳು ಪಾಲಿಸುವ ಐಎಫ್‌ಆರ್‌ಎಸ್ ಅನ್ನೋ ಅಂತರರಾಷ್ಟ್ರೀಯ ನಿಯಮಗಳಿವೆ. ಅದರ 16ನೇ ನಿಯಮ 2019ರ ಜನವರಿಯಿಂದ ಜಾರಿಗೆ ಬಂತು. ಅದರ ಪ್ರಕಾರ ದೀರ್ಘ ಅವಧಿಯ ಬಾಡಿಗೆ ಕರಾರನ್ನು ಸಾಲದ ಹಾಗೆ ಹೊಣೆಗಾರಿಕೆಯ ಪಟ್ಟಿಯಲ್ಲಿ ತೋರಿಸಬೇಕು. 12 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯದಾದರೆ ತೋರಿಸದೆ ಇರೋದಕ್ಕೆ ಅವಕಾಶ ಇದೆ. ನಿಮ್ಮ ಪುಟ್ಟ ಸಂಸ್ಥೆಗೆ ಈ ನಿಯಮ ಬಹುಶಃ ಅನ್ವಯಿಸಲ್ಲ. ಆದರೆ ಅದರ ಹಿಂದಿನ ತರ್ಕ ನಿಮಗೂ ಸರಿ. ಮೂರು ವರ್ಷದ ಕರಾರು ಅಂದರೆ ಸಾಲ. ಬ್ಯಾಂಕಿನಿಂದ ಅಷ್ಟು ಸಾಲ ತರೋಕೆ ಹೆದರುವವರು ಅಗ್ರಿಮೆಂಟಿಗೆ ಮಾತ್ರ ಸಲೀಸಾಗಿ ಸಹಿ ಹಾಕಿಬಿಡುತ್ತಾರೆ.

ದೊಡ್ಡವರಿಗೂ ಇದು ತಪ್ಪಿಲ್ಲ. 2010ರಲ್ಲಿ ಶುರುವಾದ ವೀವರ್ಕ್ ಅನ್ನೋ ಅಮೆರಿಕದ ಕೋವರ್ಕಿಂಗ್ ಕಂಪನಿ, ಕಟ್ಟಡಗಳನ್ನು ಹಲವಾರು ವರ್ಷಗಳ ಕರಾರಿಗೆ ಹಿಡಿದು, ಅದೇ ಜಾಗವನ್ನು ತಿಂಗಳ ಲೆಕ್ಕದಲ್ಲೂ ಬಾಡಿಗೆಗೆ ಕೊಡುತ್ತಿತ್ತು. ಒಂದು ಕಾಲದಲ್ಲಿ ಅದಕ್ಕೆ 4,700 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. ಕೋವಿಡ್ ಬಂದಾಗ ಬಾಡಿಗೆದಾರರು ಬಿಟ್ಟು ಹೊರಟರು, ವೀವರ್ಕ್ ಮಾತ್ರ ತನ್ನ ಕರಾರುಗಳನ್ನು ಬಿಡುವ ಹಾಗಿರಲಿಲ್ಲ. 2023ರ ನವೆಂಬರ್‌ನಲ್ಲಿ ಅದು ಅಮೆರಿಕದಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಬರುವ ಹಣ ತಿಂಗಳದ್ದು, ಕೊಡಬೇಕಾದ ಹಣ ವರ್ಷಗಟ್ಟಲೆಯದ್ದು. ನಿಮ್ಮದೂ ಅದೇ ಲೆಕ್ಕ ಆಗುತ್ತೆ, ಅಲ್ವಾ? ಡಿಸೈನ್ ಕೆಲಸ ಒಂದೊಂದೇ ಆರ್ಡರ್ ಆಗಿ ಬರುತ್ತದೆ, ಬಾಡಿಗೆ ಮಾತ್ರ ತಪ್ಪದೆ ಬರುತ್ತದೆ.

ಇದರಿಂದ ಕೋವರ್ಕಿಂಗ್ ಸೇರುವವರಿಗೂ ಒಂದು ಕಿವಿಮಾತು. ರಿಯಾಯಿತಿ ಸಿಗುತ್ತೆ ಅಂತ ವರ್ಷದ ಹಣವನ್ನು ಮೊದಲೇ ಕಟ್ಟಬೇಡಿ. ನಡೆಸುವವರೇ ಬಾಗಿಲು ಹಾಕಿದರೆ ಆ ಹಣ ವಾಪಸ್ ಬರೋದು ಕಷ್ಟ.

ಹಾಗಾದರೆ ಈಗ ಎಲ್ಲಿ ಕೂರಬೇಕು? ಮೊದಲ ನಾಲ್ಕೈದು ತಿಂಗಳು ನಿಮ್ಮ ನಿಮ್ಮ ಮನೆಗಳಲ್ಲೇ ಕೆಲಸ ಮಾಡಿ, ವಾರಕ್ಕೆ ಒಂದೆರಡು ದಿನ ಕೋವರ್ಕಿಂಗ್‌ನಲ್ಲಿ ಒಟ್ಟಿಗೆ ಕೂರಿ. ಡಿಸೈನ್ ಕೆಲಸಕ್ಕೆ ಒಬ್ಬರ ಸ್ಕ್ರೀನ್ ಇನ್ನೊಬ್ಬರು ನೋಡುತ್ತಾ ಮಾತಾಡೋದು ಬೇಕು, ಪೂರ್ತಿ ದೂರ ದೂರ ಇದ್ದರೆ ಆಗಲ್ಲ. ಆದರೆ ಅದು ದಿನಾ ಬೇಕಿಲ್ಲ. ಗ್ರಾಹಕರ ಜತೆ ಮಾತುಕತೆಗೆ ಗಂಟೆ ಲೆಕ್ಕದಲ್ಲಿ ಮೀಟಿಂಗ್ ರೂಮ್ ತೆಗೆದುಕೊಳ್ಳಿ. ಒಂದು ತಿಂಗಳು ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಗ್ರಾಹಕರು ನಿಮ್ಮ ಜಾಗಕ್ಕೇ ಬರಬೇಕು ಅಂದರು, ಎಷ್ಟು ಜನ ತಮ್ಮಲ್ಲಿಗೇ ಬನ್ನಿ ಅಂದರು, ಎಷ್ಟು ಕೆಲಸ ಫೋನಿನಲ್ಲೇ ಮುಗಿಯಿತು. ನಿಮ್ಮೊಳಗಿನ ಆ ವಾದಕ್ಕೆ ಉತ್ತರ ಆ ಪುಸ್ತಕ ಕೊಡುತ್ತದೆ.

ಇನ್ನೊಂದು ದಾರಿ ತುಂಬ ಜನಕ್ಕೆ ಹೊಳೆಯೋದೇ ಇಲ್ಲ. ನಿಮಗೆ ಪೂರಕವಾದ ಕೆಲಸ ಮಾಡುವ ಹಳೆಯ ಸಂಸ್ಥೆಯಲ್ಲಿ ಖಾಲಿ ಮೇಜು ಕೇಳೋದು. ಪ್ರಿಂಟಿಂಗ್ ಪ್ರೆಸ್, ಜಾಹೀರಾತು ಸಂಸ್ಥೆ, ಆಡಿಟರ್ ಕಚೇರಿ, ಹೀಗೆ. ಅವರಿಗೆ ಸುಮ್ನೆ ಬಿದ್ದಿರುವ ಜಾಗಕ್ಕೆ ನಾಲ್ಕು ಕಾಸು ಬರುತ್ತೆ, ನಿಮಗೆ ಕೆಲವೊಮ್ಮೆ ಕೆಲಸವೂ ಬರುತ್ತೆ. ಇಂಥ ಹಂಚಿಕೆಗೆ ದೊಡ್ಡ ಇತಿಹಾಸ ಇದೆ. 1959ರಲ್ಲಿ ನ್ಯೂಯಾರ್ಕ್ ರಾಜ್ಯದ ಬಟೇವಿಯಾ ಊರಿನಲ್ಲಿ ಮುಚ್ಚಿಹೋಗಿದ್ದ ಒಂದು ದೊಡ್ಡ ಕಾರ್ಖಾನೆಯನ್ನು ಜೋಸೆಫ್ ಮನ್ಕುಸೊ ಕುಟುಂಬ ಕೊಂಡಿತು. ಇಡೀ ಕಟ್ಟಡಕ್ಕೆ ಒಬ್ಬರೇ ಬಾಡಿಗೆದಾರರು ಸಿಗದೆ, ಅದನ್ನು ತುಂಡು ತುಂಡಾಗಿ ಸಣ್ಣ ಉದ್ಯಮಗಳಿಗೆ ಕೊಟ್ಟರು. ಕಚೇರಿಯ ಸೌಲಭ್ಯಗಳನ್ನು ಎಲ್ಲರೂ ಹಂಚಿಕೊಂಡರು. ಹೊಸ ಉದ್ಯಮಗಳಿಗೆ ಜಾಗ, ನೆರವು ಕೊಟ್ಟು ಬೆಳೆಸುವ, ಇವತ್ತು ನಾವು ಬಿಸಿನೆಸ್ ಇನ್‌ಕ್ಯುಬೇಟರ್ ಅನ್ನೋ ವ್ಯವಸ್ಥೆ ಶುರುವಾಗಿದ್ದೇ ಅಲ್ಲಿಂದ. ಆದರೆ ಮೂಲ ಮಾಲೀಕರ ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಹೋಗಬೇಡಿ. ಒಪ್ಪಿಗೆ ಬರಹದಲ್ಲಿ ಇರಲಿ.

ಮನೆಯಿಂದ ಕೆಲಸ ಮಾಡುವಾಗ ಒಂದು ವಿಷಯ ಮರೆಯಬೇಡಿ. ಹಲವು ಕಡೆ ಸಂಸ್ಥೆಯ ನೋಂದಾಯಿತ ವಿಳಾಸ ಯಾರು ಬೇಕಾದರೂ ನೋಡಬಹುದಾದ ದಾಖಲೆ. ಮನೆ ವಿಳಾಸ ಕೊಟ್ಟರೆ ಅದು ಅಲ್ಲೇ ಉಳಿಯುತ್ತದೆ. ಬೇಡ ಅನ್ನಿಸಿದರೆ ಅಂಚೆ ಸ್ವೀಕರಿಸಿ ಕೊಡುವ ವರ್ಚುವಲ್ ಆಫೀಸ್ ವಿಳಾಸ ತೆಗೆದುಕೊಳ್ಳಬಹುದು. ನಿಮ್ಮಲ್ಲಿನ ಕಾನೂನು ಅದನ್ನು ಒಪ್ಪುತ್ತದಾ ಅಂತ ಮೊದಲು ವಿಚಾರಿಸಿ. ಮನೆಯೇ ಬಾಡಿಗೆಯದ್ದಾದರೆ, ಅಲ್ಲಿಂದ ವ್ಯವಹಾರ ನಡೆಸೋಕೆ ಕರಾರಿನಲ್ಲಿ ಅಡ್ಡಿ ಇದೆಯಾ ಅಂತಲೂ ನೋಡಿ.

ಇನ್ನು ಗ್ರಾಹಕರ ನಂಬಿಕೆ. ನಿಮ್ಮ ಸ್ನೇಹಿತರ ಮಾತನ್ನು ತಳ್ಳಿಹಾಕಲ್ಲ. ಊರಿಗೇ ಗೊತ್ತಿಲ್ಲದ ಸಂಸ್ಥೆಗೆ ಮುಂಗಡ ಕೊಡೋಕೆ ಯಾರಿಗಾದರೂ ಅಳುಕು ಇರುತ್ತದೆ. ಆದರೆ ಆ ಅಳುಕು ಹೋಗೋದು ಗೋಡೆ ಬಣ್ಣದಿಂದಲ್ಲ. ಸಂಸ್ಥೆಯ ಹೆಸರಿನಲ್ಲೇ ಇರುವ ಇಮೇಲ್, ತೆಗೆಯುವ ಫೋನ್, ಹೇಳಿದ ದಿನಕ್ಕೆ ಕೈಸೇರುವ ಮೊದಲ ಕರಡು, ತಿದ್ದುಪಡಿ ಎಷ್ಟು ಸಲ ಅಂತ ಸ್ಪಷ್ಟವಾಗಿ ಬರೆದ ಕೊಟೇಶನ್, ಸರಿಯಾದ ಬಿಲ್ಲು. ಇವುಗಳ ಖರ್ಚು ತೀರಾ ಕಡಿಮೆ. ಮೊದಲು ಪುಸ್ತಕ ಮಾರುತ್ತಿದ್ದ ಅಮೆಜಾನ್ 1994ರಲ್ಲಿ ಶುರುವಾಗಿದ್ದು ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ. ಬಾಗಿಲಿನ ಹಲಗೆಗೆ ಮರದ ಕಾಲು ಹೊಡೆದು ಮೇಜು ಮಾಡಿಕೊಂಡಿದ್ದರು. ಕೊಳ್ಳುವವರಿಗೆ ಆ ಮೇಜು ಕಾಣುತ್ತಲೇ ಇರಲಿಲ್ಲ, ಪುಸ್ತಕ ಬಂತಾ ಅನ್ನೋದಷ್ಟೇ ಕಾಣುತ್ತಿತ್ತು. ಹಾಗಂತ ಇದು ಎಲ್ಲ ವ್ಯವಹಾರಕ್ಕೂ ಹೊಂದಲ್ಲ. ದಂತವೈದ್ಯರಿಗೆ, ಹೊಲಿಗೆ ಅಂಗಡಿಗೆ, ಗ್ರಾಹಕರು ಒಳಗೆ ಬಂದು ಕೂರಲೇಬೇಕಾದ ಯಾವ ಕೆಲಸಕ್ಕೂ ಜಾಗವೇ ವ್ಯವಹಾರದ ಭಾಗ. ನಿಮ್ಮದು ಹಾಗಲ್ಲ.

ಮುಂದೆ ಯಾವತ್ತಾದರೂ ಜಾಗ ಬೇಕೇ ಬೇಕು ಅಂತಾದಾಗ, ಎರಡು ಕೆಲಸ ಮಾಡಿ. ಮೊದಲನೆಯದು, ಟೇಪು ಹಿಡಿದುಕೊಂಡು ಹೋಗಿ. ಬಾಡಿಗೆ ಹೇಳೋದು ಎಷ್ಟೋ ಕಡೆ ಒಟ್ಟು ಅಳತೆಗೆ. ಅದರಲ್ಲಿ ಮೆಟ್ಟಿಲು, ಲಿಫ್ಟ್, ವರಾಂಡ, ಗೋಡೆಯ ದಪ್ಪ ಎಲ್ಲಾ ಸೇರಿರುತ್ತದೆ. ನಿಮ್ಮ ಮೇಜು ಇಡೋದು ಮಾತ್ರ ಒಳಗಿನ ಕಾರ್ಪೆಟ್ ಏರಿಯಾದಲ್ಲಿ. ಒಂದು ಜಾಗ 1,000 ಚದರ ಅಡಿ, ಬಳಕೆಗೆ ಸಿಗೋದು ಶೇ. 70 ಅನ್ನಿ. ಇನ್ನೊಂದು 850 ಚದರ ಅಡಿ, ಸಿಗೋದು ಶೇ. 90. ಮೊದಲನೆಯದರಲ್ಲಿ ನಿಮಗೆ 700, ಎರಡನೆಯದರಲ್ಲಿ 765. ಚದರ ಅಡಿಯ ದರ ಒಂದೇ ಆದರೆ, ಸಣ್ಣದು ಅಂದುಕೊಂಡ ಜಾಗ ದೊಡ್ಡದು, ಬಾಡಿಗೆಯೂ ಶೇ. 15 ಕಡಿಮೆ. ಗೋಡೆಯಿಂದ ಗೋಡೆಗೆ ನೀವೇ ಅಳೆದರೆ ಅರ್ಧ ಗಂಟೆಯ ಕೆಲಸ. ಮಧ್ಯದ ಕಂಬಗಳನ್ನೂ, ಬಾಗಿಲು ತೆರೆಯುವ ಜಾಗವನ್ನೂ ಕಳೆಯಿರಿ.

ಎರಡನೆಯದು, ಕರಾರನ್ನು ಕೊನೆಯ ಪುಟದಿಂದ ಓದಿ. ಬಾಡಿಗೆಯ ಮೊತ್ತ ಮೊದಲ ಪುಟದಲ್ಲೇ ಇರುತ್ತದೆ, ಬಿಡುವ ಷರತ್ತುಗಳು ಹಿಂದೆ ಇರುತ್ತವೆ. ಲಾಕ್-ಇನ್ ಎಷ್ಟು ತಿಂಗಳು? ಅದು ಎರಡೂ ಕಡೆಗೆ ಅನ್ವಯಿಸುತ್ತದಾ, ಇಲ್ಲಾ ನಿಮಗೊಬ್ಬರಿಗೇನಾ? ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್? ಯಾವ ಯಾವ ಕಾರಣಕ್ಕೆ ಹಿಡಿದುಕೊಳ್ಳಬಹುದು? ಬಿಟ್ಟು ಹೋಗುವಾಗ ಜಾಗವನ್ನು ಮೊದಲಿನ ಸ್ಥಿತಿಗೆ ತರಬೇಕು ಅಂತ ಒಂದು ಸಾಲು ಇದ್ದೇ ಇರುತ್ತದೆ. ಆ ಒಂದು ಸಾಲಿನಲ್ಲಿ ಪೈಂಟು, ಪಾರ್ಟಿಶನ್ ಒಡೆಯೋದು, ವೈರಿಂಗ್ ಕೀಳೋದು ಎಲ್ಲಾ ಅಡಗಿರುತ್ತದೆ. ಬೀಗದ ಕೈ ತೆಗೆದುಕೊಂಡ ದಿನವೇ ಪ್ರತಿ ಗೋಡೆಯ, ನೆಲದ, ಸ್ವಿಚ್ ಬೋರ್ಡಿನ ಫೋಟೊ ತೆಗೆದು ಮಾಲೀಕರಿಗೆ ಇಮೇಲ್ ಮಾಡಿ. ಅಡ್ವಾನ್ಸ್ ಜಗಳ ಬಂದಾಗ ನಿಮ್ಮ ಕೈಯಲ್ಲಿರುವ ಆಧಾರ ಅದೊಂದೇ.

ಮಾಲೀಕರ ಹತ್ತಿರ ಚೌಕಾಸಿ ಮಾಡೋದಾದರೆ ಬಾಡಿಗೆ ಇಳಿಸಿ ಅಂತ ಹಿಡಿಯಬೇಡಿ. ಲಾಕ್-ಇನ್ ಆರು ತಿಂಗಳಿಗೆ ಇಳಿಸಿ, ಆಮೇಲೆ ಎರಡು ತಿಂಗಳ ನೋಟಿಸ್ ಸಾಕು ಅನ್ನಿ, ನಮ್ಮ ಬದಲಿಗೆ ಬೇರೆ ಬಾಡಿಗೆದಾರರನ್ನು ತಂದರೆ ನಮ್ಮನ್ನು ಕರಾರಿನಿಂದ ಬಿಡಿ ಅಂತ ಕೇಳಿ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಸಾಮಾನಿನ ವಿಚಾರಕ್ಕೆ ಬರೋಣ. ಮೇಜು, ಕಪಾಟು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ, ಅದರಲ್ಲಿ ಯೋಚಿಸೋದೇನೂ ಇಲ್ಲ. ಕುರ್ಚಿ ಮಾತ್ರ ಒಳ್ಳೆಯದೇ ಇರಲಿ, ಅದೂ ಹಳೆಯದು ನಡೆಯುತ್ತದೆ. ದಿನವಿಡೀ ಕೂತು ಮಾಡುವ ಕೆಲಸದಲ್ಲಿ ಬೆನ್ನು ಹಿಡಿದರೆ ಮೂವರಲ್ಲಿ ಒಬ್ಬರು ಇಲ್ಲ ಅಂತಾಗುತ್ತದೆ. ಮುಚ್ಚುವ, ಸ್ಥಳ ಬದಲಿಸುವ ಕಂಪನಿಗಳು ಒಳ್ಳೆಯ ಕುರ್ಚಿಗಳನ್ನು ರಾಶಿ ರಾಶಿ ಮಾರುತ್ತವೆ. 2000ದ ಸುಮಾರಿಗೆ ಡಾಟ್‌ಕಾಂ ಅನ್ನೋ ಇಂಟರ್ನೆಟ್ ಕಂಪನಿಗಳು ಮುಳುಗಿದಾಗ, 1994ರಲ್ಲಿ ಬಂದ ಏರಾನ್ ಅನ್ನೋ ದುಬಾರಿ ಕುರ್ಚಿ ಎಷ್ಟು ಹರಾಜಿಗೆ ಬಂತು ಅಂದರೆ, ಆ ಕಾಲದ ದುಂದಿಗೆ ಅದೇ ಗುರುತಾಗಿಬಿಟ್ಟಿತು.

ಲ್ಯಾಪ್‌ಟಾಪ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಇಲ್ಲಿ ದುಡ್ಡು ಉಳಿಸೋಕೂ ಆಗುತ್ತೆ, ಮೋಸ ಹೋಗೋಕೂ ಆಗುತ್ತೆ. ದೊಡ್ಡ ಕಂಪನಿಗಳು ಕೆಲವೇ ವರ್ಷ ಬಳಸಿ ಬಿಡುವ ಬಿಸಿನೆಸ್ ಲ್ಯಾಪ್‌ಟಾಪುಗಳು ಗಟ್ಟಿ ಇರುತ್ತವೆ. ಸರಿಪಡಿಸಿ ಮತ್ತೆ ಮಾರುವ ಇವು ರಿಫರ್ಬಿಶ್ಡ್ ಅಂತ ವಾರಂಟಿ ಸಮೇತ ಸಿಗುತ್ತವೆ. ಮೊದಲು ಪ್ರೊಸೆಸರ್ ನೋಡಿ. ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟ್ ಸಾಮಾನ್ಯವಾಗಿ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಸುರಕ್ಷತಾ ಸೌಲಭ್ಯ ಮಷೀನಿನಲ್ಲಿ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರಬೇಕು. ಇಷ್ಟು ಅಗ್ಗ ಹೇಗೆ ಅನ್ನಿಸುವ ಎಷ್ಟೋ ಮಷೀನು ಇದಕ್ಕಿಂತ ಹಳೆಯವು. ಆಮೇಲೆ ಬ್ಯಾಟರಿ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಸೌಲಭ್ಯ ಇದೆ. ತಯಾರಾದಾಗ ಎಷ್ಟು ತುಂಬುತ್ತಿತ್ತು, ಈಗ ಎಷ್ಟು ತುಂಬುತ್ತದೆ ಅಂತ ಎರಡು ಅಂಕಿ ಬರುತ್ತವೆ. 50 ಇದ್ದದ್ದು 28ಕ್ಕೆ ಇಳಿದಿದ್ದರೆ ಬ್ಯಾಟರಿ ಬದಲಿಸುವ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ. ಕೊನೆಯದಾಗಿ, ಅಂಗಡಿಯವರ ಎದುರಿಗೇ ಮಷೀನನ್ನು ರೀಸೆಟ್ ಮಾಡಿ ಇಂಟರ್ನೆಟ್ಟಿಗೆ ಜೋಡಿಸಿ. ಹಳೆಯ ಕಂಪನಿಯ ಲಾಗಿನ್ ಕೇಳಿದರೆ, ಆ ಕಂಪನಿ ಅದನ್ನು ತನ್ನ ಪಟ್ಟಿಯಿಂದ ಬಿಟ್ಟಿಲ್ಲ ಅಂತ ಅರ್ಥ. ಬೆಲೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟು ಬನ್ನಿ. ಬಣ್ಣ ನಿಖರವಾಗಿ ಕಾಣುವ ಒಂದು ಒಳ್ಳೆಯ ಮಾನಿಟರ್ ಮಾತ್ರ ಹೊಸದೇ ಕೊಳ್ಳಿ. ನಿಮ್ಮ ಕೆಲಸದಲ್ಲಿ ಕಣ್ಣಿಗೆ ಕಂಡ ಬಣ್ಣ ಪೆಟ್ಟಿಗೆಯ ಮೇಲೆ ಅಚ್ಚಾಗಬೇಕು.

ಪ್ರಿಂಟರ್ ಸದ್ಯಕ್ಕೆ ಬೇಡ. ಬಣ್ಣದ ಪ್ರೂಫ್, ಅಂದರೆ ಅಚ್ಚಿಗೆ ಮೊದಲು ನೋಡುವ ಮಾದರಿ ಪ್ರತಿ, ಹೊರಗೆ ತೆಗೆಸಿ. ಮುಂದೆ ಕೊಂಡರೆ ಮಷೀನಿನ ಬೆಲೆಗಿಂತ ಒಂದು ಪುಟಕ್ಕೆ ಬೀಳುವ ಖರ್ಚು ನೋಡಿ. ಕಾರ್ಟ್ರಿಜ್ ಮೇಲೆ ಬರೆದ ಪುಟಗಳ ಸಂಖ್ಯೆ ಸಾಮಾನ್ಯವಾಗಿ ಪುಟದ ಶೇ. 5ರಷ್ಟು ಭಾಗ ಮಾತ್ರ ಅಚ್ಚಾಗುವ ಲೆಕ್ಕದ್ದು. ನಿಮ್ಮ ಡಿಸೈನ್ ಪುಟಗಳು ಅದರ ಎಷ್ಟೋ ಪಟ್ಟು ಬಣ್ಣ ಕುಡಿಯುತ್ತವೆ.

ಸಾಫ್ಟ್‌ವೇರ್‌ನಲ್ಲಿ ನನ್ನ ಸಲಹೆ ಹೀಗಿದೆ. ಪತ್ರ, ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್ ಸಾಕು, ಅದು ಉಚಿತ. ಡಿಸೈನ್‌ಗೆ ಇಂಕ್‌ಸ್ಕೇಪ್, ಗಿಂಪ್ ಅನ್ನೋ ಉಚಿತ ಸಾಫ್ಟ್‌ವೇರ್‌ಗಳಿವೆ. ಆದರೆ ಪ್ರೆಸ್ಸಿನವರು, ಗ್ರಾಹಕರು ಬೇರೆ ರೀತಿಯ ಫೈಲ್ ಕೇಳುತ್ತಿದ್ದರೆ ಅವರು ಬಳಸುವುದನ್ನೇ ತೆಗೆದುಕೊಳ್ಳಿ. ಅಲ್ಲಿ ಉಳಿಸಿದ ಹಣ ತಿದ್ದುವ ಸಮಯದಲ್ಲಿ ಹೋಗಿಬಿಡುತ್ತದೆ. ಚಂದಾ ಕಟ್ಟುವಾಗ ಗಮನಿಸಿ: ತಿಂಗಳಿಗೆ ಇಷ್ಟು ಅಂತ ಕಾಣುವ ಕೆಲವು ಯೋಜನೆಗಳು ನಿಜಕ್ಕೆ ವರ್ಷದ ಕರಾರು, ಕಂತು ಮಾತ್ರ ತಿಂಗಳದ್ದು. ಮಧ್ಯದಲ್ಲಿ ಬಿಟ್ಟರೆ ದಂಡ. ಇಲ್ಲೂ ಆ ಎರಡನೇ ಕಾಲಮ್ ಕೆಲಸಕ್ಕೆ ಬರುತ್ತದೆ. ಕದ್ದ ಸಾಫ್ಟ್‌ವೇರ್, ಎಲ್ಲಿಂದಲೋ ಇಳಿಸಿಕೊಂಡ ಫಾಂಟ್ ಖಂಡಿತ ಬೇಡ. ಲೈಸೆನ್ಸ್ ಇಲ್ಲದ ಫಾಂಟ್ ಹಾಕಿದ ಲೋಗೊ ಕೊಟ್ಟರೆ ನೋಟಿಸ್ ಬರೋದು ನಿಮ್ಮ ಗ್ರಾಹಕರಿಗೆ. ಓಪನ್ ಫಾಂಟ್ ಲೈಸೆನ್ಸ್ ಅಡಿ ಸಿಗುವ ಫಾಂಟುಗಳನ್ನು ವ್ಯಾಪಾರಿ ಕೆಲಸಕ್ಕೂ ಹಣ ಕೊಡದೆ ಬಳಸಬಹುದು, ಮತ್ತು ಅಂಥವು ಬೇಕಾದಷ್ಟಿವೆ.

ಕಡಿಮೆ ಮಾಡಬಾರದ ಖರ್ಚುಗಳೂ ಇವೆ. ಮೊದಲನೆಯದು ಬ್ಯಾಕಪ್. ಪ್ರತಿ ಫೈಲಿನ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ತಿಂಗಳಿಗೊಮ್ಮೆ ಒಂದು ಹಳೆಯ ಫೈಲನ್ನು ಬ್ಯಾಕಪ್‌ನಿಂದ ತೆರೆದು ನೋಡಿ, ತೆರೆಯದಿದ್ದರೆ ಅದು ಬ್ಯಾಕಪ್ಪೇ ಅಲ್ಲ. ಎರಡನೆಯದು ಲೆಕ್ಕಪತ್ರ. ಮೊದಲ ತಿಂಗಳಿನಿಂದಲೇ ಸಂಸ್ಥೆಗೆ ಬೇರೆ ಬ್ಯಾಂಕ್ ಖಾತೆ, ಬೇರೆ ಪುಸ್ತಕ. ವರ್ಷದ ಕೊನೆಗೆ ಗಂಟು ಬಿಡಿಸೋಕೆ ಕೊಡುವ ಹಣಕ್ಕಿಂತ ತಿಂಗಳು ತಿಂಗಳು ಬರೆಸೋದು ಅಗ್ಗ.

ಸ್ವಂತ ಜಾಗ ಯಾವಾಗ ಅಂತ ಕೇಳುತ್ತೀರಿ. ತಪ್ಪದೆ ತಿಂಗಳು ತಿಂಗಳು ಕೆಲಸ ಕೊಡುವ ಗ್ರಾಹಕರಿಂದ ಬರುವ ಹಣವೊಂದರಲ್ಲೇ ಜಾಗದ ಪೂರ್ತಿ ಖರ್ಚು ಆರು ತಿಂಗಳು ಸತತವಾಗಿ ನೀಗಿದ್ದರೆ, ಮತ್ತು ಲಾಕ್-ಇನ್ ಅವಧಿಯ ಬಾಡಿಗೆಯಷ್ಟು ಹಣ ಬೇರೆಯೇ ಇದ್ದರೆ, ಧೈರ್ಯವಾಗಿ ನೋಡಿ. ಒಂದು ದೊಡ್ಡ ಆರ್ಡರ್ ಬಂತು ಅಂತ ಆ ಖುಷಿಯಲ್ಲಿ ಜಾಗ ಹಿಡಿಯಬೇಡಿ. ಆರ್ಡರ್ ಮೂರು ತಿಂಗಳಿಗೆ ಮುಗಿಯುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕಂದರೆ ನೀವು ಮೂವರು ಸ್ನೇಹಿತರು. ಮನೆಯಿಂದ ಶುರು ಮಾಡಿದಾಗ ಒಬ್ಬರ ಮನೆಯಲ್ಲಿ ಜಾಸ್ತಿ ಜಾಗ ಇರುತ್ತದೆ, ಎಲ್ಲರೂ ಅಲ್ಲೇ ಸೇರುತ್ತೀರಿ. ಅವರ ಕರೆಂಟು, ಅವರ ಇಂಟರ್ನೆಟ್, ಅವರ ಮನೆಯವರ ತಾಳ್ಮೆ. ಇನ್ನೊಬ್ಬರು ತಮ್ಮ ಸ್ವಂತ ಲ್ಯಾಪ್‌ಟಾಪ್ ಸಂಸ್ಥೆಗೆ ಹಾಕಿರುತ್ತಾರೆ. ಮೊದಲು ಯಾರೂ ಲೆಕ್ಕ ಇಡಲ್ಲ, ಸ್ನೇಹದಲ್ಲಿ ನಡೆಯುತ್ತದೆ. ವರ್ಷ ಕಳೆದು ಲಾಭ ಹಂಚುವಾಗ ಅದೆಲ್ಲಾ ಹೊರಗೆ ಬರುತ್ತದೆ. ಅದಕ್ಕೆ ಈಗಲೇ ಒಂದು ಹಾಳೆಯಲ್ಲಿ ಬರೆಯಿರಿ: ಯಾರ ಮನೆ, ಅದಕ್ಕೆ ಸಂಸ್ಥೆ ತಿಂಗಳಿಗೆ ಎಷ್ಟು ಕೊಡುತ್ತದೆ, ಯಾರ ಯಾವ ಸಾಮಾನು ಸಂಸ್ಥೆಯದ್ದಾಯಿತು, ಯಾವುದು ಅವರದ್ದಾಗಿಯೇ ಉಳಿಯುತ್ತದೆ, ಒಬ್ಬರು ಬಿಟ್ಟು ಹೋದರೆ ಏನು. ಮೂವರೂ ಸಹಿ ಹಾಕಿ, ಆರು ತಿಂಗಳಿಗೊಮ್ಮೆ ತಿದ್ದಿ. ಸದ್ಯಕ್ಕೆ ನೀವು ಸಹಿ ಹಾಕಬೇಕಾದ ಕರಾರು ಇದು.